ಹಗುರ ಮರದ ರೆಕ್ಕೆ

ನಮ್ಮ ಮಂಗಳೂರಿನ ಕಡೆ ಮರದ ಮರ್ಯಾದೆ ಇರುವುದು ಅದರ ಭಾರದಲ್ಲಿ. ಮನೆ ಕಟ್ಟಿಸುವವರು ದಾರಂದಕ್ಕೆ ಮರ ಆರಿಸುವಾಗ ಬೆರಳ ಗೆಣ್ಣಿನಿಂದ ತಟ್ಟಿ, ಒಂದು ತುದಿಯನ್ನು ತುಸು ಎತ್ತಿ ನೋಡಿ, ‘ಒಳ್ಳೆ ತೂಕ ಉಂಟು’ ಎಂದು ತಲೆಯಾಡಿಸುತ್ತಾರೆ. ತೇಗ, ಹಲಸು, ಕಿರಾಲುಬೋಗಿ ಎಂದು ಹೆಸರು ಹೇಳುವಾಗಲೇ ಧ್ವನಿಯಲ್ಲಿ ಒಂದು ಗೌರವ ಬಂದುಬಿಡುತ್ತದೆ. ಹಗುರ ಮರಕ್ಕೆ ಅಂತಹ ಮರ್ಯಾದೆಯಿಲ್ಲ. ಬೂರುಗ ಬೆಂಕಿಕಡ್ಡಿಗೆ, ಪ್ಯಾಕಿಂಗ್ ಪೆಟ್ಟಿಗೆಗೆ ಸಾಕು. ಹಾಲೆಮರವನ್ನು ಆಟಿ ಅಮಾವಾಸ್ಯೆಯ ಬೆಳಗಿನ ಜಾವ ಕೆತ್ತೆಯ ಕಷಾಯಕ್ಕಾಗಿ ನೆನೆಸಿಕೊಂಡರೆ, ಮತ್ತೆ ಅದರ ನೆನಪು ಮರುವರ್ಷದ ಆಟಿಗೆ.

ಈ ಹಾಲೆಮರಕ್ಕೆ ಸಸ್ಯಶಾಸ್ತ್ರಜ್ಞರು ಇಟ್ಟ ಹೆಸರಿನಲ್ಲಿ ‘ಸ್ಕಾಲಾರಿಸ್’ ಎಂಬ ಮಾತಿದೆ. ಶಾಲೆಗೆ ಸಂಬಂಧಪಟ್ಟದ್ದು ಎಂದರ್ಥ. ಹಿಂದೆ ಮಕ್ಕಳು ಬರೆಯುವ ಹಲಗೆಗಳನ್ನು ಇದರ ಹಗುರವಾದ ಮರದಿಂದ ಮಾಡುತ್ತಿದ್ದರಂತೆ. ಮಕ್ಕಳ ಕೈಗೆ ಕೊಡಬೇಕಾದ ಮರ ಹಗುರವಾಗಿಯೇ ಇರಬೇಕು ಎಂಬ ತಿಳಿವಳಿಕೆ ಆ ಕಾಲದವರಿಗೂ ಇತ್ತು ಎಂದಾಯಿತು. ನಾನು ಹೇಳಹೊರಟಿರುವುದು ಅಂತಹದೇ ಇನ್ನೊಂದು ಮರದ, ಮತ್ತು ಅದರಿಂದ ಮಕ್ಕಳು ಮಾಡಬಹುದಾದ ಒಂದು ಸಣ್ಣ ಗ್ಲೈಡರಿನ ಕಥೆ. ಎಂಜಿನ್ ಇಲ್ಲದೆ, ಗಾಳಿಯ ಮೇಲೆ ಒರಗಿಕೊಂಡೇ ಸಾಗುವ ವಿಮಾನಕ್ಕೆ ಗ್ಲೈಡರ್ ಎನ್ನುತ್ತಾರೆ.

ಆ ಮರದ ಹೆಸರು ಬಾಲ್ಸಾ. ದಕ್ಷಿಣ ಅಮೆರಿಕದ ಎಕ್ವಡಾರ್ ದೇಶದ ಕಾಡುಗಳಲ್ಲಿ ಹೆಚ್ಚಾಗಿ ಬೆಳೆಯುತ್ತದೆ. ನಮ್ಮ ಬೂರುಗದ ದಾಯಾದಿ ಎನ್ನಬಹುದು. ಎರಡೂ ಒಂದೇ ಸಸ್ಯ ಕುಟುಂಬಕ್ಕೆ ಸೇರಿದವು, ಬಾಲ್ಸಾದ ಕಾಯಿ ಒಡೆದರೂ ಬೂರುಗದ ಹಾಗೆಯೇ ಹತ್ತಿ ಹಾರುತ್ತದೆ. ಬಹಳ ಬೇಗ ಬೆಳೆಯುವ ಮರ ಇದು; ಆರರಿಂದ ಹತ್ತು ವರ್ಷಗಳಲ್ಲಿ ಕಡಿಯುವಷ್ಟಾಗುತ್ತದೆ. ಹಸಿ ಇರುವಾಗ ಮರದ ತುಂಬ ನೀರು. ಒಣಗಿಸಿದ ಮೇಲೆ ಆ ನೀರಿದ್ದ ಜಾಗವೆಲ್ಲ ಖಾಲಿಯಾಗಿ, ಗಾಳಿ ತುಂಬಿದ ಜೇನುಹಟ್ಟಿಯ ಹಾಗೆ ಉಳಿಯುತ್ತದೆ. ನಮ್ಮ ಮರದಂಗಡಿಯ ಲೆಕ್ಕದಲ್ಲಿ ಹೇಳುವುದಾದರೆ, ಒಂದು ಸಿಎಫ್‌ಟಿ ತೇಗ ಸುಮಾರು 18 ಕಿಲೋ ತೂಗಿದರೆ ಒಂದು ಸಿಎಫ್‌ಟಿ ಬಾಲ್ಸಾ ನಾಲ್ಕೂವರೆ ಕಿಲೋ ತೂಗೀತು. ಹಾಗೆಂದು ಅದು ಟೊಳ್ಳಲ್ಲ. ತೂಕಕ್ಕೆ ಹೋಲಿಸಿದರೆ ಅದರ ಗಟ್ಟಿತನ ಆಶ್ಚರ್ಯಕರವಾದದ್ದು.

ಬಾಲ್ಸಾ ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ತೆಪ್ಪ. ಸ್ಪೇನಿನವರು ಆ ಕರಾವಳಿಗೆ ಹೋದಾಗ ಅಲ್ಲಿನ ಜನ ಈ ಮರದ ದಿಮ್ಮಿಗಳನ್ನು ಕಟ್ಟಿ, ಹಾಯಿ ಏರಿಸಿ, ಕಡಲಿನಲ್ಲಿ ವ್ಯಾಪಾರ ಮಾಡುತ್ತಿದ್ದರು. 1947ರಲ್ಲಿ ನಾರ್ವೆಯ ಥಾರ್ ಹೆಯರ್ದಾಲ್ ಒಂಬತ್ತು ಬಾಲ್ಸಾ ದಿಮ್ಮಿಗಳ ತೆಪ್ಪ ಕಟ್ಟಿ, ಐವರು ಜೊತೆಗಾರರೊಂದಿಗೆ ಪೆರು ದೇಶದಿಂದ ಹೊರಟು, 101 ದಿನ ಶಾಂತಸಾಗರದ ಮೇಲೆ ತೇಲಿ ಪಾಲಿನೇಷ್ಯಾದ ದ್ವೀಪವೊಂದನ್ನು ಮುಟ್ಟಿದರು. ನೀರಿನ ಮೇಲೆ ತೇಲಲು ಹೆಸರಾದ ಮರವೇ ಗಾಳಿಯ ಮೇಲೆ ತೇಲುವುದಕ್ಕೂ ಒದಗಿತು.

ನಾನು ಶಾಲೆಯಲ್ಲಿ ಇತಿಹಾಸ ಪಾಠ ಮಾಡುವವಳು. ವಿಜ್ಞಾನ ನನ್ನ ವಿಷಯವಲ್ಲ. ಆದರೂ ಈ ಮರ ನನ್ನ ಕೈಗೆ ಬಂದದ್ದು ಶಾಲೆಯಲ್ಲೇ. ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಶಾಲೆಯಲ್ಲಿ ವಸ್ತುಪ್ರದರ್ಶನದ ತಯಾರಿಯೆಂದರೆ ಕೆಲಸ ಮೊದಲೇ ಹಂಚಿಹೋಗಿರುತ್ತಿತ್ತು. ಮಾದರಿಗಳನ್ನು ಕಟ್ಟುವುದು, ತಂತಿ ಜೋಡಿಸುವುದು, ಬಲ್ಬು ಉರಿಸುವುದು ಹುಡುಗರದ್ದು. ಚಾರ್ಟಿನಲ್ಲಿ ಅಂದವಾಗಿ ಅಕ್ಷರ ಬರೆಯುವುದು, ಬಾಗಿಲಲ್ಲಿ ರಂಗೋಲಿ ಹಾಕುವುದು, ಬಂದವರಿಗೆ ವಿವರಿಸುವುದು ಹುಡುಗಿಯರದ್ದು. ತಾವು ಕಟ್ಟದ ವಸ್ತುವಿನ ವಿವರಣೆಯನ್ನು ಅವರು ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದರು. ಇದನ್ನು ಯಾರೂ ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ‘ಹುಡುಗಿಯರ ಅಕ್ಷರ ಚಂದ ಅಲ್ಲವಾ ಟೀಚರ್’ ಎನ್ನುತ್ತಿದ್ದರು. ಹೊಗಳಿಕೆಯೂ ಒಂದು ಬೇಲಿ ಎಂಬುದು ಹೊಗಳಿದವರಿಗೂ ಗೊತ್ತಿರುವುದಿಲ್ಲ.

ಆ ವರ್ಷ ಇತಿಹಾಸ ವಿಭಾಗಕ್ಕೂ ಒಂದು ಮೇಜು ಕೊಟ್ಟಿದ್ದರು. ‘ಮನುಷ್ಯ ಹಾರಲು ಕಲಿತ ಕಥೆ’ ಎಂಬ ವಿಷಯವಿಟ್ಟುಕೊಂಡು, ಎಂಟನೆಯ ತರಗತಿಯ ಆರು ಮಂದಿ ಹುಡುಗಿಯರನ್ನು ಕರೆದು, ಚಾರ್ಟು ಬೇಡ, ಗ್ಲೈಡರನ್ನೇ ಮಾಡೋಣ ಎಂದೆ. ಬೆಂಗಳೂರಿನಿಂದ ತರಿಸಿದ ಬಾಲ್ಸಾ ಹಾಳೆಗಳು ರಟ್ಟಿನ ಪೊಟ್ಟಣದಲ್ಲಿ ಬಂದವು. ನಮ್ಮ ಬೀದಿಯ ಆಚಾರ್ರು ಒಂದು ಹಾಳೆಯನ್ನು ಅಂಗೈಯಲ್ಲಿಟ್ಟು, ಮೇಲೆ ಕೆಳಗೆ ಆಡಿಸಿ, ‘ಇದು ಮರವಾ ಟೀಚರ್, ಬೆಂಡಾ?’ ಎಂದು ಕೇಳಿದರು. ಮದುವೆಯ ಬಾಸಿಂಗಕ್ಕೆ ಬಳಸುವ ಬೆಂಡು ಅವರ ಮನಸ್ಸಿನಲ್ಲಿತ್ತು. ಉಗುರಿನಿಂದ ಒತ್ತಿದರೆ ಗುರುತು ಬೀಳುವ ಮರವನ್ನು ಮರವೆಂದು ಒಪ್ಪಿಕೊಳ್ಳಲು ಅವರಿಗೆ ಮನಸ್ಸಾಗಲಿಲ್ಲ.

ಮಾಡುವ ಕ್ರಮ ಕಷ್ಟದ್ದಲ್ಲ. ಹನ್ನೆರಡು ಅಂಗುಲ ಉದ್ದದ, ಸುಮಾರು ಐದು ಮಿಲಿಮೀಟರ್ ದಪ್ಪದ ಕಡ್ಡಿ ವಿಮಾನದ ಮೈ. ಎರಡು ಮಿಲಿಮೀಟರ್ ದಪ್ಪದ ಹಾಳೆಯಲ್ಲಿ ಹದಿನಾಲ್ಕು ಅಂಗುಲ ಉದ್ದ, ಎರಡೂವರೆ ಅಂಗುಲ ಅಗಲದ ರೆಕ್ಕೆ. ಬಾಲಕ್ಕೆ ಐದು ಅಂಗುಲದ ಒಂದು ಅಡ್ಡ ಹಲಗೆ, ಅದರ ಮೇಲೆ ಎರಡು ಅಂಗುಲ ಎತ್ತರದ ಒಂದು ನೆಟ್ಟಗಿನ ಹಲಗೆ. ಹರಿತವಾದ ಬ್ಲೇಡಿನಿಂದ ಒಂದೇ ಸಲ ಒತ್ತಿ ಕತ್ತರಿಸದೆ, ಗೆರೆಯ ಮೇಲೆ ನಾಲ್ಕೈದು ಸಲ ಮೆಲ್ಲಗೆ ಎಳೆಯಬೇಕು. ಮರದ ನಾರು ರೆಕ್ಕೆಯ ಉದ್ದಕ್ಕೆ ಹೋಗಬೇಕು. ಅಡ್ಡಕ್ಕೆ ಬಂದರೆ ಮೊದಲ ಎಸೆತಕ್ಕೇ ರೆಕ್ಕೆ ಎರಡು ತುಂಡು. ಬಟ್ಟೆ ಕತ್ತರಿಸುವಾಗ ಉದ್ದದ ಎಳೆ, ಅಡ್ಡದ ಎಳೆ ನೋಡುವುದಿಲ್ಲವೇ, ಹಾಗೆ. ಹೊಲಿಗೆ ಕಲಿತಿದ್ದ ಹುಡುಗಿಯೊಬ್ಬಳು ನಾನು ಹೇಳುವ ಮೊದಲೇ ಹಾಳೆಯನ್ನು ತಿರುಗಿಸಿ ಇಟ್ಟುಕೊಂಡಳು.

ಆಮೇಲೆ ಉಪ್ಪುಕಾಗದದ ಕೆಲಸ. ರೆಕ್ಕೆಯ ಮುಂದಿನ ಅಂಚನ್ನು ದುಂಡಗೆ, ಹಿಂದಿನ ಅಂಚನ್ನು ತೆಳ್ಳಗೆ ಉಜ್ಜಬೇಕು. ನಂತರ ರೆಕ್ಕೆಯನ್ನು ನಡುವಿನಲ್ಲಿ ಕತ್ತರಿಸಿ, ಎರಡೂ ತುದಿಗಳು ಒಂದೂವರೆ ಅಂಗುಲ ಮೇಲೇಳುವಂತೆ, ಅಗಲ ಬಾಯಿಯ ‘ವಿ’ ಆಕಾರದಲ್ಲಿ ಮತ್ತೆ ಅಂಟಿಸಬೇಕು. ಕಟ್ಟಿದ್ದನ್ನು ಕತ್ತರಿಸುವುದು ಯಾಕೆ ಎಂದು ಮಕ್ಕಳಿಗೆ ಬೇಸರ. ಆದರೆ ವಿಮಾನ ಒಂದು ಕಡೆಗೆ ವಾಲಿದಾಗ ಅದನ್ನು ಮತ್ತೆ ನೆಟ್ಟಗೆ ನಿಲ್ಲಿಸುವುದು ಈ ಏರುರೆಕ್ಕೆಯೇ. ಅಂಟು ಒಣಗಲು ಒಂದು ರಾತ್ರಿ ಬಿಡಬೇಕು. ನಮ್ಮ ಮಳೆಗಾಲದಲ್ಲಾದರೆ ಎರಡು ರಾತ್ರಿ. ಕೊನೆಗೆ ಮೂತಿಗೆ ಸ್ವಲ್ಪ ಜೇಡಿಮಣ್ಣು. ರೆಕ್ಕೆಯ ಕೆಳಗೆ, ಮುಂದಿನ ಅಂಚಿನಿಂದ ಅಗಲದ ಮೂರನೆಯ ಒಂದು ಭಾಗದಷ್ಟು ಹಿಂದೆ, ಎರಡು ಬೆರಳ ತುದಿಯಲ್ಲಿ ಎತ್ತಿದರೆ ಅದು ತಕ್ಕಡಿಯ ಹಾಗೆ ಸಮನಾಗಿ ನಿಲ್ಲಬೇಕು.

ಎಸೆಯುವಾಗ ಬಲ ಬೇಕಾಗಿಲ್ಲ. ನೆಲಕ್ಕೆ ಸಮನಾಗಿ, ಬಾಣ ಬಿಟ್ಟಂತಲ್ಲ, ದೋಣಿಯನ್ನು ನೀರಿಗೆ ನೂಕಿದ ಹಾಗೆ ಬಿಟ್ಟುಕೊಡಬೇಕು. ಮೂತಿ ಮೇಲೆದ್ದು ಮತ್ತೆ ಧೊಪ್ಪನೆ ಬಿದ್ದರೆ ಮಣ್ಣು ಕಡಿಮೆಯಾಗಿದೆ. ನೇರವಾಗಿ ನೆಲಕ್ಕೆ ಮುಗ್ಗರಿಸಿದರೆ ಮಣ್ಣು ಹೆಚ್ಚಾಗಿದೆ. ಕಡಲೆ ಗಾತ್ರದ ಮಣ್ಣನ್ನು ಕಿತ್ತು, ಅಂಟಿಸಿ, ಮತ್ತೆ ಎಸೆದು, ಮತ್ತೆ ಓಡಿ ಹೆಕ್ಕಿ ತಂದು, ಹೀಗೆ ನಡೆಯುತ್ತದೆ. ಇದರಲ್ಲಿ ಟೀಚರ್ ಹೇಳಿದ್ದು ಸರಿಯೋ ತಪ್ಪೋ ಎಂದು ತೀರ್ಮಾನಿಸುವುದು ಟೀಚರ್ ಅಲ್ಲ, ಗ್ಲೈಡರು. ನನಗೆ ಈ ಆಟ ಮೆಚ್ಚಿಕೆಯಾದದ್ದು ಈ ಕಾರಣಕ್ಕೆ.

ಹೀಗೆ ಕೈಯಿಂದ ಎಸೆದು ನೋಡುವ ಕ್ರಮಕ್ಕೆ ಇನ್ನೂರು ವರ್ಷಕ್ಕೂ ಮೀರಿದ ಚರಿತ್ರೆಯಿದೆ. ಇಂಗ್ಲೆಂಡಿನ ಜಾರ್ಜ್ ಕೇಲಿ ಎಂಬ ಜಮೀನ್ದಾರ 1799ರಲ್ಲಿ ಒಂದು ಪುಟ್ಟ ಬೆಳ್ಳಿಯ ಬಿಲ್ಲೆಯ ಮೇಲೆ, ಅಲುಗದ ರೆಕ್ಕೆ ಮತ್ತು ಹಿಂದೊಂದು ಬಾಲವಿರುವ ವಿಮಾನದ ಚಿತ್ರ ಕೆತ್ತಿಸಿದ. ಅಲ್ಲಿಯವರೆಗೆ ಹಾರಬೇಕೆಂದವರೆಲ್ಲ ಹಕ್ಕಿಯ ಹಾಗೆ ರೆಕ್ಕೆ ಬಡಿಯಲು ಹೋಗಿ ಕೈಕಾಲು ಮುರಿದುಕೊಂಡವರು. ಎತ್ತಿ ಹಿಡಿಯುವ ಕೆಲಸ ಬೇರೆ, ಮುಂದಕ್ಕೆ ನೂಕುವ ಕೆಲಸ ಬೇರೆ ಎಂದು ಬಿಡಿಸಿ ನೋಡಿದ್ದು ಕೇಲಿಯ ಬುದ್ಧಿವಂತಿಕೆ. 1804ರಲ್ಲಿ ಆತ ಸುಮಾರು ಐದು ಅಡಿ ಉದ್ದದ ಒಂದು ಮಾದರಿ ಮಾಡಿದ. ಒಂದು ಕೋಲು, ಅದರ ಮೇಲೆ ರೆಕ್ಕೆಯಾಗಿ ಒಂದು ಗಾಳಿಪಟ, ಹಿಂದೆ ಬಾಲ, ಮುಂದೆ ತೂಕ. ನಮ್ಮ ಹುಡುಗಿಯರು ಮಾಡಿದ್ದಕ್ಕೂ ಅದಕ್ಕೂ ಮೂಲದಲ್ಲಿ ವ್ಯತ್ಯಾಸವೇನೂ ಇಲ್ಲ. 1853ರಲ್ಲಿ ಕೇಲಿಯ ದೊಡ್ಡ ಗ್ಲೈಡರೊಂದು ಮನುಷ್ಯನನ್ನು ಹೊತ್ತು ಯಾರ್ಕ್‌ಷೈರಿನ ಕಣಿವೆಯೊಂದನ್ನು ದಾಟಿತು. ಕೂತವನು ಕೇಲಿಯ ಗಾಡಿ ಹೊಡೆಯುವವನೆಂದೂ, ಇಳಿದ ಕೂಡಲೇ ಕೆಲಸ ಬಿಡುತ್ತೇನೆ ಎಂದನೆಂದೂ ಕಥೆಯಿದೆ. ಯಜಮಾನನ ಪ್ರಯೋಗಕ್ಕೆ ಆಳಿನ ಜೀವ ಒತ್ತೆ. ಇದೂ ಚರಿತ್ರೆಯ ಒಂದು ಪಾಠ.

ಜರ್ಮನಿಯ ಒಟ್ಟೋ ಲಿಲಿಯೆಂತಾಲ್ ತನ್ನ ಜೀವವನ್ನೇ ಒತ್ತೆಯಿಟ್ಟವರು. ಕೊಕ್ಕರೆಗಳನ್ನು ವರ್ಷಗಟ್ಟಲೆ ನೋಡಿ, ಬೆತ್ತದಂತೆ ಬಳುಕುವ ಕಡ್ಡಿ ಮತ್ತು ಹತ್ತಿಬಟ್ಟೆಯಿಂದ ರೆಕ್ಕೆ ಕಟ್ಟಿ, 1891ರಿಂದ ಸುಮಾರು 2000 ಸಲ ಗುಡ್ಡಗಳಿಂದ ತೇಲಿ ಇಳಿದರು. 1896ರ ಆಗಸ್ಟ್‌ನಲ್ಲಿ ಗ್ಲೈಡರಿನಿಂದ ಬಿದ್ದು ತೀರಿಕೊಂಡರು. ಆ ಸುದ್ದಿ ಅಮೆರಿಕದ ಡೇಟನ್ ಎಂಬ ಊರಿನಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಇಬ್ಬರು ಅಣ್ಣತಮ್ಮಂದಿರ ಮನಸ್ಸನ್ನು ನಾಟಿತು.

ರೈಟ್ ಸಹೋದರರ ಹೆಸರು ಯಾರಿಗೆ ಗೊತ್ತಿಲ್ಲ? ಆದರೆ ಆ ಮನೆಯ ಹೆಂಗಸರ ಕಥೆ ನಮ್ಮ ಪಠ್ಯಪುಸ್ತಕಗಳಲ್ಲಿ ಇಲ್ಲ. ತಾಯಿ ಸೂಸನ್, ಗಾಡಿ ಮಾಡುವವರ ಮಗಳು. ತಂದೆಯ ಕೊಟ್ಟಿಗೆಯಲ್ಲಿ ಉಳಿ ಸುತ್ತಿಗೆ ಹಿಡಿಯಲು ಕಲಿತವರು. ಮಕ್ಕಳಿಗೆ ಆಟಿಕೆಗಳನ್ನು, ಹಿಮದ ಮೇಲೆ ಜಾರುವ ಬಂಡಿಯನ್ನು ಕೈಯಾರೆ ಮಾಡಿಕೊಟ್ಟವರು. ಆ ಮನೆಯಲ್ಲಿ ಯಂತ್ರ ಕೆಟ್ಟರೆ ಮಕ್ಕಳು ಹೋಗುತ್ತಿದ್ದದ್ದು ಪಾದ್ರಿಯಾಗಿದ್ದ ತಂದೆಯ ಬಳಿಗಲ್ಲ, ತಾಯಿಯ ಬಳಿಗೆ. 1878ರಲ್ಲಿ ತಂದೆ ಊರಿನಿಂದ ತಂದುಕೊಟ್ಟ, ರಬ್ಬರಿನಿಂದ ತಿರುಗಿ ಮೇಲೇರುವ ಆಟಿಕೆಯೊಂದು ಮಕ್ಕಳಿಗೆ ಹಾರುವ ಹುಚ್ಚು ಹಿಡಿಸಿತು. ಕಿರಿಯ ಆರ್ವಿಲ್ ಒಂದನೆಯ ತರಗತಿಯಲ್ಲಿ ಮರದ ಚೂರುಗಳನ್ನು ಹಿಡಿದು ಕೂತಿದ್ದಾಗ ಶಿಕ್ಷಕಿ ವಿಚಾರಿಸಿದರೆ, ಹಾರುವ ಯಂತ್ರ ಮಾಡುತ್ತಿದ್ದೇನೆ ಎಂದನಂತೆ. ಅದನ್ನು ಕಿತ್ತು ಕಿಟಕಿಯಿಂದ ಎಸೆಯದೆ ಬಿಟ್ಟ ಆ ಶಿಕ್ಷಕಿಗೆ ನನ್ನ ನಮಸ್ಕಾರ.

ತಂಗಿ ಕ್ಯಾಥರಿನ್ ನಮ್ಮವಳೇ, ಶಾಲೆಯ ಟೀಚರು. 1889ರಲ್ಲಿ ತಾಯಿ ಕ್ಷಯದಿಂದ ತೀರಿಕೊಂಡಾಗ ಹದಿನೈದು ತುಂಬದ ಹುಡುಗಿಯ ಹೆಗಲಿಗೆ ಮನೆ ಬಂತು. ಆದರೂ ಓದಿ, 1898ರಲ್ಲಿ ಪದವಿ ಪಡೆದು, ಹೈಸ್ಕೂಲಿನಲ್ಲಿ ಲ್ಯಾಟಿನ್ ಕಲಿಸಿದಳು. ಅಣ್ಣಂದಿರು ಕಿಟ್ಟಿ ಹಾಕ್ ಎಂಬ ಮರಳದಂಡೆಗೆ ಹೋದಾಗ ಅಂಗಡಿಯ ಮೇಲೂ ಅವಳ ಕಣ್ಣಿರಬೇಕಾಗಿತ್ತು. 1901ರ ಗ್ಲೈಡರು ಎಣಿಸಿದಷ್ಟು ಏಳದೆ ವಿಲ್ಬರ್ ಕೈಚೆಲ್ಲಿ ಕೂತಿದ್ದಾಗ ಶಿಕಾಗೋದ ಎಂಜಿನಿಯರುಗಳಿಂದ ಭಾಷಣಕ್ಕೆ ಕರೆ ಬಂತು. ಹೋಗಲು ಒಪ್ಪದ ಅಣ್ಣನನ್ನು ಪೀಡಿಸಿ ಹೊರಡಿಸಿದವಳು ಈ ತಂಗಿ. 1908ರಲ್ಲಿ ಆರ್ವಿಲ್ ವಿಮಾನ ಬಿದ್ದು ಮೈಮುರಿದುಕೊಂಡಾಗ ಅವಳು ರಜೆ ಹಾಕಿ ಆಸ್ಪತ್ರೆಗೆ ಓಡಿದಳು. ಮತ್ತೆ ತರಗತಿಗೆ ಮರಳಲೇ ಇಲ್ಲ. ಫ್ರಾನ್ಸ್ ದೇಶ ಅಣ್ಣಂದಿರ ಜೊತೆ ಅವಳಿಗೂ ಗೌರವ ಪದಕ ಕೊಟ್ಟಿತು ನಿಜ. ಆದರೆ 1926ರಲ್ಲಿ, ಐವತ್ತೆರಡನೆಯ ವಯಸ್ಸಿನಲ್ಲಿ, ತನಗೆ ಬೇಕಾದವರನ್ನು ಮದುವೆಯಾದಾಗ ಆರ್ವಿಲ್ ಮಾತು ಬಿಟ್ಟ. ಎರಡು ವರ್ಷ ಕಳೆದು, ಅವಳು ಮರಣಶಯ್ಯೆಯಲ್ಲಿದ್ದಾಗಷ್ಟೇ ಹೋಗಿ ಕಂಡ. ಇಷ್ಟು ಓದಿದಾಗ ಡೇಟನ್ ಎಂಬ ಊರು ನಮ್ಮ ಪಕ್ಕದ ಬೀದಿಯಲ್ಲೇ ಇದೆ ಅನ್ನಿಸುವುದಿಲ್ಲವೇ?

ಇನ್ನೊಂದು ಸಂಗತಿ ನನಗೆ ಬಹಳ ಇಷ್ಟ. 1900ರಲ್ಲಿ ಗ್ಲೈಡರಿಗೆ ಬೇಕಾದಷ್ಟು ಉದ್ದದ ಮರ ಸಿಕ್ಕದೆ ರೆಕ್ಕೆ ಚಿಕ್ಕದಾಯಿತು. ಮೊದಲೇ ಹೊಲಿದು ತಂದಿದ್ದ ಬಟ್ಟೆ ದೊಡ್ಡದಾಯಿತು. ಆಗ ವಿಲ್ಬರ್ ಕಿಟ್ಟಿ ಹಾಕಿನ ಟೇಟ್ ಎಂಬವರ ಮನೆಯ ಅಂಗಳದಲ್ಲಿ, ಆ ಮನೆಯಾಕೆಯ ಹೊಲಿಗೆ ಮೆಷಿನ್ ಇಟ್ಟುಕೊಂಡು ಬಟ್ಟೆಯನ್ನು ಕತ್ತರಿಸಿ ಮತ್ತೆ ಹೊಲಿದ. ಪ್ರಯೋಗ ಮುಗಿದು ಗ್ಲೈಡರನ್ನು ಅಲ್ಲೇ ಬಿಟ್ಟು ಹೋದ ಮೇಲೆ ಟೇಟ್ ಅವರ ಹೆಂಡತಿ ರೆಕ್ಕೆಯ ಆ ಹೊಳೆಯುವ ಬಟ್ಟೆಯನ್ನು ಬಿಚ್ಚಿ ತಂದು, ಒಗೆದು, ತನ್ನ ಇಬ್ಬರು ಹೆಣ್ಣುಮಕ್ಕಳಿಗೆ ಅಂಗಿ ಹೊಲಿದರು. ಒಳ್ಳೆಯ ಬಟ್ಟೆ ಹಾಳಾಗಬಾರದು ಎಂಬ ಬುದ್ಧಿ ಯಾವ ದೇಶದ ತಾಯಿಗಾದರೂ ಒಂದೇ. ಲೋಕದ ಚರಿತ್ರೆ ಬದಲಿಸಿದ ರೆಕ್ಕೆಯನ್ನು ಉಟ್ಟು ಆ ಮಕ್ಕಳು ಮರಳಿನಲ್ಲಿ ಆಡಿದರು.

ಬಾಲ್ಸಾ ಮರ ಈ ಕಥೆಗೆ ಬಂದದ್ದು ಸ್ವಲ್ಪ ತಡವಾಗಿ. ಎರಡು ಮಹಾಯುದ್ಧಗಳ ನಡುವಿನ ವರ್ಷಗಳಲ್ಲಿ ಅಮೆರಿಕದ, ಯುರೋಪಿನ ಮಕ್ಕಳು ಬಾಲ್ಸಾ ಗ್ಲೈಡರುಗಳನ್ನು ಕಟ್ಟತೊಡಗಿದರು. ಆಟದ ಮರ ಯುದ್ಧಕ್ಕೂ ಹೋಯಿತು. 1940ರ ನವೆಂಬರ್‌ನಲ್ಲಿ ಮೊದಲು ಹಾರಿದ ಬ್ರಿಟನ್ನಿನ ‘ಮಾಸ್ಕಿಟೊ’ ಯುದ್ಧವಿಮಾನದ ಮೈ, ಎರಡು ತೆಳು ಪ್ಲೈವುಡ್ಡುಗಳ ನಡುವೆ ಬಾಲ್ಸಾ ಇಟ್ಟು ಅಂಟಿಸಿದ್ದು. ಲೋಹದ ಅಭಾವದ ಕಾಲದಲ್ಲಿ ಕುರ್ಚಿ ಮೇಜು ಮಾಡುವ ಬಡಗಿಗಳೇ ಆ ವಿಮಾನದ ಭಾಗಗಳನ್ನು ಮಾಡಿಕೊಟ್ಟರು. ಈಗ ಗಾಳಿಯಿಂದ ವಿದ್ಯುತ್ ತೆಗೆಯುವ ಭಾರೀ ಯಂತ್ರಗಳ ರೆಕ್ಕೆಯೊಳಗೂ ಇದೇ ಮರವನ್ನು ತುಂಬುತ್ತಾರೆ.

ಇಷ್ಟೆಲ್ಲ ಹೊರದೇಶದ ಮಾತಾಯಿತು, ನಮ್ಮದೇನು ಎಂದು ಕೇಳುವವರಿಗೆ ಕೊಡಲು ನನ್ನಲ್ಲಿ ಒಳ್ಳೆಯ ಉತ್ತರವಿದೆ. ವಾಲಚಂದ ಹೀರಾಚಂದರು ಮೈಸೂರು ಸರಕಾರದ ಸಹಕಾರದಿಂದ 1940ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಂಪೆನಿಯನ್ನು ಹುಟ್ಟುಹಾಕಿದರು. ಇಂದಿನ ಎಚ್‌ಎಎಲ್‌ನ ಮೂಲ ಅದೇ. ಅಲ್ಲಿ ನಮ್ಮವರೇ ನಕ್ಷೆ ಹಾಕಿ ನಮ್ಮವರೇ ಕಟ್ಟಿದ ಮೊದಲನೆಯದು ಯಾವುದು ಗೊತ್ತೇ? ಒಂದು ಗ್ಲೈಡರು! ‘ಜಿ-1’ ಎಂದು ಅದರ ಹೆಸರು. ಹತ್ತು ಮಂದಿ ಕೂರಬಹುದಾದದ್ದು, 1941ರಲ್ಲಿ ಹಾರಿತು. ಅದನ್ನು ರೂಪಿಸಿದವರು ಡಾ. ವಿಷ್ಣು ಮಾಧವ ಘಾಟಗೆ. ಕೊಲ್ಲಾಪುರದ ಕಡೆಯ ಹಸೂರಿನಲ್ಲಿ ಹುಟ್ಟಿ, ಜರ್ಮನಿಯ ಗಟ್ಟಿಂಗೆನ್‌ನಲ್ಲಿ ಲುಡ್ವಿಗ್ ಪ್ರಾಂಟ್ಲ್ ಎಂಬ ಮಹಾ ವಿಜ್ಞಾನಿಯ ಶಿಷ್ಯರಾಗಿ ಗಾಳಿಯ ಶಾಸ್ತ್ರ ಕಲಿತು ಬಂದವರು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1942ರ ಕೊನೆಗೆ ವಿಮಾನಶಾಸ್ತ್ರದ ವಿಭಾಗ ತೆರೆದಾಗ ಅದನ್ನು ನಡೆಸಿದವರೂ ಅವರೇ. ಅವರು ರೂಪಿಸಿದ ಎಚ್‌ಟಿ-2 ಎಂಬ ತರಬೇತಿ ವಿಮಾನ 1951ರ ಆಗಸ್ಟ್‌ನಲ್ಲಿ ಆಕಾಶಕ್ಕೇರಿತು. ನಮ್ಮ ಎಷ್ಟೋ ಪೈಲಟ್‌ಗಳು ಹಾರಲು ಕಲಿತದ್ದು ಅದರಲ್ಲೇ.

ಹೆಂಗಸರೂ ಹಿಂದೆ ಉಳಿಯಲಿಲ್ಲ. 1936ರಲ್ಲೇ ಸರಳಾ ಠಕ್ರಾಲ್ ಎಂಬ ಇಪ್ಪತ್ತೊಂದು ವರ್ಷದ ತಾಯಿ, ಸೀರೆ ಉಟ್ಟು, ಲಾಹೋರಿನಲ್ಲಿ ಒಬ್ಬಳೇ ವಿಮಾನ ಹಾರಿಸಿದ್ದಳು. ಬೆಂಗಳೂರಿನ ಜಕ್ಕೂರಿನ ಸರಕಾರಿ ಹಾರಾಟ ಶಾಲೆಯಲ್ಲಿ ಕಲಿತು 1949ರಲ್ಲಿ ಹೊರಬಂದ ಉಷಾ ಸುಂದರಂ, ಮರುವರ್ಷ ಪತಿಯ ಜೊತೆಗೂಡಿ ಪುಟ್ಟ ‘ಡವ್’ ವಿಮಾನವನ್ನು ಲಂಡನ್ನಿನಿಂದ ಮುಂಬಯಿಗೆ 27 ಗಂಟೆಗಳಲ್ಲಿ ತಂದಿಳಿಸಿದರು. ಪೈಲಟ್ ಆಗಿದ್ದದ್ದು ಇಬ್ಬರೂ.

ಮಂಗಳೂರಿಗೆ ವಿಮಾನ ಬಂದದ್ದು ಎಚ್‌ಟಿ-2 ಹಾರಿದ ವರ್ಷವೇ. 1951ರ ಡಿಸೆಂಬರ್ 25ರಂದು ಪ್ರಧಾನಿ ನೆಹರೂ ಅವರು ಡಕೋಟಾದಲ್ಲಿ ಬಂದಿಳಿದು ಬಜ್ಪೆಯ ನಿಲ್ದಾಣವನ್ನು ಉದ್ಘಾಟಿಸಿದರು. ಗುಡ್ಡದ ನೆತ್ತಿಯನ್ನು ಸಮಮಾಡಿ ಕಟ್ಟಿದ ನಿಲ್ದಾಣ ಅದು. ಅದಕ್ಕೂ ಎಷ್ಟೋ ಮೊದಲಿನಿಂದ ತೇಲಿ ಹಾರುವವರು ನಮ್ಮಲ್ಲಿದ್ದಾರೆ. ಬಂದರಿನ ದಕ್ಕೆಯ ಮೇಲೆ ರೆಕ್ಕೆ ಬಡಿಯದೆ ಸುತ್ತುವ ಗರುಡನನ್ನು ನೋಡಿ. ಅಡಿಕೆ ತೋಟಕ್ಕೆ ಹೋದರೆ, ಪಕ್ಕೆಲುಬುಗಳನ್ನು ಕೊಡೆಯ ಕಡ್ಡಿಯ ಹಾಗೆ ಬಿಡಿಸಿ ಮರದಿಂದ ಮರಕ್ಕೆ ತೇಲುವ ಹಾರುವ ಓತಿ. ತೇಜಸ್ವಿಯವರು 1980ರ ‘ಕರ್ವಾಲೊ’ ಕಾದಂಬರಿಯಲ್ಲಿ ಇಡೀ ಒಂದು ತಂಡವನ್ನು ಕಾಡಿಗೆ ಹೊರಡಿಸಿದ್ದು ಈ ಪ್ರಾಣಿಯ ಬೆನ್ನುಹತ್ತಿಯೇ. ಪಣಂಬೂರು, ತಣ್ಣೀರುಬಾವಿಯ ಮರಳಿನಲ್ಲಿ ಗಾಳಿಪಟ ಉತ್ಸವವಾದಾಗ ಟೀಮ್ ಮಂಗಳೂರಿನವರ ಕಥಕ್ಕಳಿ ಮುಖದ ದೊಡ್ಡ ಪಟ ಏಳುವುದನ್ನು ಮನೆಮಂದಿಯೆಲ್ಲ ಹೋಗಿ ನೋಡಿದವರಿದ್ದೇವೆ. ನಮ್ಮೂರಿನಲ್ಲಿ ಎನ್‌ಸಿಸಿಯ ವಾಯುದಳದ ಘಟಕವೂ ಇದೆ. 1950ರಲ್ಲಿ ದೇಶದಲ್ಲಿ ಶುರುವಾದ ಆ ದಳದ ಪಾಠಗಳಲ್ಲಿ ಮಾದರಿ ವಿಮಾನ ಕಟ್ಟುವುದೂ ಒಂದು. ಹುಡುಗಿಯರಿಗೂ ಅದರ ಬಾಗಿಲು ತೆರೆದಿದೆ.

ಪ್ರದರ್ಶನದ ತಯಾರಿ ನಡೆದಿದ್ದಾಗ ನಮ್ಮ ಆರು ಮಂದಿಯಲ್ಲಿ ಒಬ್ಬಳು ಒಂದು ಪ್ರಶ್ನೆ ತಂದಳು. ‘ಟೀಚರೇ, ಋಷಿಗಳೇ ವಿಮಾನ ಮಾಡಿದ್ದರಂತೆ. ವೈಮಾನಿಕ ಶಾಸ್ತ್ರ ಅಂತ ಪುಸ್ತಕವೇ ಉಂಟಂತೆ. ಅಜ್ಜ ಹೇಳಿದ್ರು. ನೀವು ಯಾಕೆ ಅದನ್ನು ಮೊದಲಿಗೆ ಬರೆಯಲಿಲ್ಲ?’ ತರಗತಿ ಮೌನವಾಯಿತು. ಹೌದು ಎಂದರೆ ನಾನು ಕಲಿಸುವ ವಿಷಯಕ್ಕೆ ಅಪಚಾರ, ಅಲ್ಲ ಎಂದರೆ ಆ ಮಗುವಿನ ಅಜ್ಜನಿಗೆ ಅವಮಾನ. ಇಂತಹ ಇಕ್ಕಟ್ಟು ಇಂದು ಇತಿಹಾಸದ ಟೀಚರುಗಳಿಗೆ ಹೊಸದಲ್ಲ.

ನಾನು ಅವರಿಗೆ ನಡೆದದ್ದನ್ನು ಹೇಳಿದೆ. ಆ ಪುಸ್ತಕ ಇರುವುದು ನಿಜ. ಅದನ್ನು ಹೇಳಿ ಬರೆಯಿಸಿದವರು ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳ ಮಾತು. ಭರದ್ವಾಜ ಮಹರ್ಷಿಯದೆಂದು ಪ್ರಸಿದ್ಧವಾದ ಅದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್.ಎಸ್. ಮುಕುಂದ ಮತ್ತು ನಾಲ್ವರು ಜೊತೆಗಾರರು ಪರಿಶೀಲಿಸಿ 1974ರಲ್ಲಿ ವರದಿ ಪ್ರಕಟಿಸಿದರು. ಅವರು ಅದನ್ನು ನಗೆಯಾಡಿ ಬದಿಗಿಡಲಿಲ್ಲ. ಭಾಷೆ ಯಾವ ಕಾಲದ್ದು ಎಂದು ನೋಡಿದರು, ಹಸ್ತಪ್ರತಿ ಎಲ್ಲಿಂದ ಬಂತು ಎಂದು ಹುಡುಕಿದರು, ಅಲ್ಲಿನ ವಿಮಾನಗಳ ಆಕಾರ, ತೂಕ, ಎತ್ತುವ ಬಲ ಲೆಕ್ಕ ಹಾಕಿದರು. ಆ ವಿಮಾನಗಳು ಹಾರಲಾರವು, ಗ್ರಂಥ 1904ಕ್ಕಿಂತ ಹಿಂದಿನದಲ್ಲ ಎಂದು ಅವರ ತೀರ್ಮಾನ. ಅಂದರೆ ನೀವು ಅಂಗಳದಲ್ಲಿ ಮಾಡುತ್ತಿರುವುದನ್ನೇ ಅವರು ಕಾಗದದ ಮೇಲೆ ಮಾಡಿದರು. ಎಸೆದು ನೋಡಿದರು, ಎಂದೆ.

‘ಹಾಗಾದರೆ ಪುಷ್ಪಕ ವಿಮಾನ ಸುಳ್ಳಾ?’ ಎಂದಳು ಇನ್ನೊಬ್ಬಳು. ಯಕ್ಷಗಾನದಲ್ಲಿ ನೀನು ಪುಷ್ಪಕ ನೋಡಿದ್ದೀಯಲ್ಲ ಎಂದು ಕೇಳಿದೆ. ಒಂದು ರಥದ ಪೀಠ, ಚೆಂಡೆಯ ಪೆಟ್ಟು, ಭಾಗವತರ ಪದ, ಅಷ್ಟಕ್ಕೇ ನಾವೆಲ್ಲ ಲಂಕೆಯಿಂದ ಅಯೋಧ್ಯೆಗೆ ಹಾರಿ ಬರುತ್ತೇವೆ. ಅದು ಮನಸ್ಸಿನ ಹಾರಾಟ. ಅದಕ್ಕೆ ಜೇಡಿಮಣ್ಣಿನ ತೂಕ ಬೇಕಾಗಿಲ್ಲ, ಅದನ್ನು ಯಾರೂ ತಕ್ಕಡಿಯಲ್ಲಿಡಬೇಕಾಗಿಲ್ಲ. ಇದೋ ಮರದ ಹಾರಾಟ. ಇದು ತಕ್ಕಡಿಯಲ್ಲಿ ನಿಲ್ಲಲೇಬೇಕು. ಎರಡನ್ನೂ ಇಟ್ಟುಕೊಳ್ಳೋಣ, ಒಂದರ ಜಾಗದಲ್ಲಿ ಇನ್ನೊಂದನ್ನು ಇಡುವುದು ಬೇಡ. ಮರುದಿನ ಆ ಮೊದಲ ಹುಡುಗಿ ಅಜ್ಜನನ್ನೇ ಕರೆದುಕೊಂಡು ಬಂದಳು. ನಿವೃತ್ತರಾದ, ಮಿತಭಾಷಿ ಹಿರಿಯರು. ಜಗಳಕ್ಕೆ ಬಂದರೇನೋ ಎಂದು ಎಲ್ಲರಿಗೂ ಅಳುಕು. ಅವರು ಮೊಮ್ಮಗಳ ಗ್ಲೈಡರನ್ನು ಬೆರಳ ಮೇಲೆ ಎತ್ತಿ ನೋಡಿ, ‘ಮೂತಿ ಸ್ವಲ್ಪ ಹಗುರ ಅಲ್ಲವಾ?’ ಎಂದರು. ಅವರು ಹೇಳಿದ್ದು ಸರಿಯಾಗಿತ್ತು. ಹುಡುಗಿ ಕಡಲೆಯಷ್ಟು ಮಣ್ಣು ಸೇರಿಸಿ ಎಸೆದಾಗ ಅಂಗಳದ ಕೊನೆಯ ತೆಂಗಿನ ಬುಡದವರೆಗೂ ಹೋಗಿ ಮೆಲ್ಲಗೆ ಕೂತಿತು.

ಹುಸಿ ಹೆಮ್ಮೆಯ ದೊಡ್ಡ ನಷ್ಟವೆಂದರೆ ಅದು ನಿಜವಾದ ಹೆಮ್ಮೆಯ ಜಾಗ ಕೂತುಬಿಡುತ್ತದೆ. ವೈಮಾನಿಕ ಶಾಸ್ತ್ರದ ಹೆಸರು ನನ್ನ ತರಗತಿಯ ಅರ್ಧ ಮಕ್ಕಳಿಗೆ ಗೊತ್ತಿತ್ತು. ಘಾಟಗೆಯವರ ಹೆಸರು ಒಬ್ಬರಿಗೂ ಗೊತ್ತಿರಲಿಲ್ಲ. ನಮ್ಮ ನಾಡಿನ ರಾಜಧಾನಿಯಲ್ಲಿ ನಿಜವಾಗಿ ಕಟ್ಟಿದ, ನಿಜವಾಗಿ ಹಾರಿದ ಜಿ-1ರ ಚಿತ್ರವನ್ನು ಅವರು ನೋಡಿರಲಿಲ್ಲ. ರೈಟ್ ಸಹೋದರರು ಗುರುವಿನಂತೆ ಗೌರವಿಸಿದ್ದ ಲಿಲಿಯೆಂತಾಲರ ಕೋಷ್ಟಕಗಳನ್ನೂ ಹಾಗೆಯೇ ನಂಬದೆ, ಒಂದು ಮರದ ಪೆಟ್ಟಿಗೆಯಲ್ಲಿ ಫ್ಯಾನು ತಿರುಗಿಸಿ, ಸುಮಾರು 200 ಪುಟ್ಟ ರೆಕ್ಕೆಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಗುರುವಿನ ಮೇಲಿನ ಗೌರವ ಅದರಿಂದ ಕಡಿಮೆಯಾಗಲಿಲ್ಲ. 1902ರ ಗ್ಲೈಡರು ಮಾತ್ರ ಅದರಿಂದಲೇ ಹಾರಿತು. ಅದು ಹಾರಿದ್ದರಿಂದಲೇ 1903ರ ಡಿಸೆಂಬರ್ 17 ಬಂತು.

ಪ್ರದರ್ಶನದ ದಿನ ಇತಿಹಾಸದ ಮೇಜಿನ ಮುಂದೆ ವಿವರಿಸಲು ನಿಂತ ಹುಡುಗಿಯರು ಏನನ್ನೂ ಬಾಯಿಪಾಠ ಮಾಡಿರಲಿಲ್ಲ. ಯಾಕೆ ರೆಕ್ಕೆ ಮೇಲೆ ಬಾಗಿದೆ, ಯಾಕೆ ಮೂತಿಗೆ ಮಣ್ಣು ಎಂದು ಬಂದವರು ಕೇಳಿದರೆ, ಬಾಗಿಸದೆ ಎಸೆದಾಗ ಏನಾಯಿತು ಎಂಬಲ್ಲಿಂದ ಅವರ ಮಾತು ಶುರುವಾಗುತ್ತಿತ್ತು. ಬೆರಳುಗಳಲ್ಲಿ ಬ್ಲೇಡಿನ ಒಂದೆರಡು ಗೀರು, ಲಂಗದ ಮೇಲೆ ಅಂಟಿನ ಕಲೆ. ಪಕ್ಕದ ಮೇಜಿನ ಹುಡುಗರು ಬಂದು, ಒಂದನ್ನು ಎಸೆಯಲು ಕೊಡುತ್ತೀರಾ ಎಂದು ಕೇಳಿದರು. ‘ಕೊಡ್ತೇವೆ, ಆದ್ರೆ ಜೋರಾಗಿ ಎಸೀಬೇಡಿ’ ಎಂದಳು ಹೊಲಿಗೆ ಕಲಿತಿದ್ದ ಹುಡುಗಿ. ರಂಗೋಲಿ ಆ ವರ್ಷವೂ ಚೆನ್ನಾಗಿತ್ತು. ಹಾಕಿದವರಲ್ಲಿ ಇಬ್ಬರು ಹುಡುಗರಿದ್ದರು.

ಓದುವ ತಾಯಂದಿರಿಗೆ ಒಂದು ಮಾತು. ಬಾಲ್ಸಾ ಸಿಕ್ಕದಿದ್ದರೆ ಬೇಡ. ಮದುವೆ ಮನೆಯಿಂದ ತಂದ ಥರ್ಮಾಕೋಲ್ ತಟ್ಟೆಯಲ್ಲಿ ರೆಕ್ಕೆ ಕತ್ತರಿಸಬಹುದು, ತೆಂಗಿನ ಗರಿಯ ಕಡ್ಡಿ ನಾಲ್ಕು ಸೇರಿಸಿ ಕಟ್ಟಿದರೆ ಮೈಯಾಗುತ್ತದೆ, ಮೂತಿಗೆ ಅಂಗಳದ ಮಣ್ಣೇ ಸಾಕು. ಮಗಳ ಕೈಗೆ ಬ್ಲೇಡು ಕೊಡಲು ಹೆದರಿಕೆಯಾದರೆ ಪಕ್ಕದಲ್ಲಿ ಕೂತುಕೊಳ್ಳಿ, ಆದರೆ ಬ್ಲೇಡನ್ನು ನೀವು ಹಿಡಿಯಬೇಡಿ. ಮೊದಲ ಎಸೆತಕ್ಕೆ ಅದು ಮುಗ್ಗರಿಸಿ ಬೀಳುತ್ತದೆ. ಆಗ ಅಣ್ಣನನ್ನು ಕರೆಯಬೇಡಿ. ಮಣ್ಣು ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಅವಳನ್ನೇ ಕೇಳಿ.